ಕುಂಕುಮ ಕೊಡುವ ಜೆಸಿಬಿ

ವಿಮಲಾ ಆಂಟಿ ಯಾವುದನ್ನಾದರೂ ಮೊದಲು ಕೆನ್ನೆಗೆ ಹಿಡಿಯುತ್ತಿದ್ದರು. ಕುಕ್ಕರಿನ ಗ್ಯಾಸ್ಕೆಟ್ಟು, ಸೈಕಲ್ ಟ್ಯೂಬು, ಮೊಮ್ಮಕ್ಕಳ ಬಲೂನು, ಎಲ್ಲಕ್ಕೂ ಅದೇ ಪರೀಕ್ಷೆ. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, "ಇಲ್ಲೇ ಗಾಳಿ ಹೋಗ್ತಿದೆ. ಕೈಗೆ ಗೊತ್ತಾಗಲ್ಲ ಕಣೇ, ಕೆನ್ನೆಗೆ ಗೊತ್ತಾಗುತ್ತೆ," ಎನ್ನುತ್ತಿದ್ದರು.

ಬಸವೇಶ್ವರನಗರದಲ್ಲಿ ನಮಗೂ ಅವರಿಗೂ ಒಂದೇ ಕಾಂಪೌಂಡ್ ಗೋಡೆ. ಕಾನ್ವೆಂಟಿನಲ್ಲಿ ಓದಿ, ಗಟ್ಟಿಯಾಗಿ ಸೀನಲೂ ಹಿಂಜರಿಯುತ್ತಿದ್ದ ನನ್ನನ್ನು "ಸಿಸ್ಟರಮ್ಮ" ಎಂದು ಛೇಡಿಸುತ್ತಿದ್ದರು.

ಅಂಕಲ್ ತೀರಿಕೊಂಡು ವರ್ಷಾಬ್ದಿಕ ಮುಗಿದಿತ್ತು. ಈ ದಸರೆಗೆ ಮತ್ತೆ ಗೊಂಬೆ ಕೂರಿಸುತ್ತೇನೆಂದು ಆಂಟಿ ಹೇಳಿದ್ದೇ ತಡ, ಅಂಕಲ್ ಅವರ ಅಕ್ಕ ರಾಜಮ್ಮನವರು ರಾಜಾಜಿನಗರದಿಂದ ಬಂದರು. ನಾನು ಅಲ್ಲೇ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ.

"ಗೊಂಬೆ ಕೂರಿಸ್ಕೋ ವಿಮಲಾ, ಯಾರು ಬೇಡ ಅಂದ್ರು? ಬಂದ ಮುತ್ತೈದೇರಿಗೆ ಕುಂಕುಮ ಮಾತ್ರ ನಿನ್ನ ಕೈಯಿಂದ ಬೇಡ. ನಾನು ಬಂದು ಕೊಡ್ತೀನಿ."

"ಆಯ್ತು ಅತ್ತಿಗೆ," ಎಂದರು ಆಂಟಿ. ಅವರ ಹೆಬ್ಬೆರಳು ಮಾತ್ರ ಸೆರಗಿನ ಅಂಚನ್ನು ಮಡಿಸುತ್ತಿತ್ತು, ಬಿಡಿಸುತ್ತಿತ್ತು.

ಮರುದಿನವೇ ಮೊಮ್ಮಕ್ಕಳು ಆಡಿ ಬಿಟ್ಟಿದ್ದ ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬಿ ಅಟ್ಟದಿಂದ ಇಳಿಯಿತು. ಹಳದಿ ಜೆಸಿಬಿ ಕಟ್ಟುವ ಸಾಮಾನು, ಎರಡು ಪುಟ್ಟ ಮೋಟರು, ಗಾಳಿ ಪಂಪು, ಬೆರಳುದ್ದದ ಸಿಲಿಂಡರುಗಳು. ಒಂದು ಮೋಟರು ಜೆಸಿಬಿಯ ಸೊಂಟ ತಿರುಗಿಸಬೇಕು. ಇನ್ನೊಂದು ಪಂಪನ್ನು ಒತ್ತಬೇಕು, ಆ ಗಾಳಿ ಕೊಳವೆಯಲ್ಲಿ ಹೋಗಿ ಸಿಲಿಂಡರಿನ ಕಡ್ಡಿಯನ್ನು ತಳ್ಳಿ ತೋಳನ್ನು ಎತ್ತಬೇಕು. ಆದರೆ ಕೊಳವೆಗಳೆಲ್ಲ ಬಿರಿದುಹೋಗಿದ್ದವು. ಆಂಟಿ ಮೆಡಿಕಲ್ ಶಾಪಿಗೆ ಹೋಗಿ ಡ್ರಿಪ್ ಹಾಕುವ ಪೈಪು ಕೇಳಿದರು.

"ಯಾರಿಗೆ ಹುಷಾರಿಲ್ಲ ಆಂಟಿ?"

"ಜೆಸಿಬಿಗೆ ಕಣಪ್ಪ."

ಪ್ರತಿ ಜೋಡಣೆಗೂ ದಾರ ಸುತ್ತಿದರು, ಕೆನ್ನೆಗೆ ಹಿಡಿದರು, ಬಿಚ್ಚಿ ಮತ್ತೆ ಸುತ್ತಿದರು. ತುದಿಗೆ ಬೆಳ್ಳಿಯ ಕುಂಕುಮ ಭರಣಿ ಕೂರಿಸಿದಾಗ ತೋಳು ಕುಸಿಯಿತು. ಅದರ ಜಾಗಕ್ಕೆ ಚನ್ನಪಟ್ಟಣದ ಮರದ ಪುಟ್ಟ ಭರಣಿ ಬಂತು. ಆಗ ನನಗೆ ವಿಷಯ ಹೊಳೆಯಿತು.

"ಆಂಟಿ, ಯಾರೂ ತಗೊಳ್ದೆ ಎದ್ದುಹೋದ್ರೆ?"

"ಹೋಗ್ಲಿ. ಈ ಮನೇಲಿ ಕೊಡೋಳು ನಾನು. ತಗೊಳ್ಳೋದು ಬಿಡೋದು ಅವರಿಷ್ಟ."

ಹಬ್ಬದ ಸಂಜೆ ರಾಜಮ್ಮನವರು ಬೆಳ್ಳಿ ಭರಣಿ ಹಿಡಿದು ಏಳುವಷ್ಟರಲ್ಲಿ ಗೊಂಬೆ ಮೆಟ್ಟಿಲ ಪಕ್ಕದಿಂದ ಗರ್ರ್ ಎಂದು ಸದ್ದು. ನೆಲದ ಮೇಲೆ ಕೂತ ಆಂಟಿ ಸ್ವಿಚ್ಚು ಒತ್ತಿದ್ದರು. ಜೆಸಿಬಿ ಸೊಂಟ ತಿರುಗಿಸಿತು. ಉಸ್ಸೆಂದು ತೋಳೆತ್ತಿ, ಮುಂದಕ್ಕೆ ಚಾಚಿ, ಹೆಂಗಸರ ಎದುರು ಕುಂಕುಮ ಹಿಡಿದು ನಿಂತಿತು.

"ಏನಿದು ವಿಮಲಾ, ತಮಾಷೇನಾ?"

"ನನ್ನ ಕೈ ಬೇಡ ಅಂದ್ರಲ್ಲ ಅತ್ತಿಗೆ. ಇದರ ಕೈಗೇನು ತೊಂದ್ರೆ? ಇದಕ್ಕಿನ್ನೂ ಮದುವೇನೇ ಆಗಿಲ್ಲ."

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಯಾರೂ ಏಳಲಿಲ್ಲ. ಚಾಚಿದ ತೋಳು ಹಾಗೇ ಕಾಯುತ್ತಿತ್ತು. ನನಗೆ ನೋಡಲಾಗಲಿಲ್ಲ, ಎದ್ದು ಹೋಗಿ ಆಂಟಿಯ ಮುಂದೆ ಬಾಗಿದೆ. "ನಿಮ್ಮ ಕೈಯಿಂದ್ಲೇ ಇಡಿ ಆಂಟಿ."

"ದಾರ ಸುತ್ತಿ ಸುತ್ತಿ ಬೆರಳೆಲ್ಲ ಬೊಬ್ಬೆ ಬಂದಿದೆ ನಂಗೆ. ಸುಮ್ನೆ ಮಿಷಿನ್ ಹತ್ರ ತಗೋ!"

ಈ ಸಲ ಎಲ್ಲರೂ ನಕ್ಕರು. ಒಬ್ಬೊಬ್ಬರಾಗಿ ಎದ್ದು ಬಂದರು. ಕೊನೆಗೆ ಆಂಟಿ ತೋಳನ್ನು ಬಾಗಿಲ ಕಡೆಗೆ ತಿರುಗಿಸಿದರು. ಅಲ್ಲಿ ಹೂ ಮಾರುವ ಜಯಮ್ಮ ಬುಟ್ಟಿ ಹಿಡಿದು ನಿಂತಿದ್ದಳು. ಅವಳ ಗಂಡ ಹೋಗಿ ಬಹಳ ಕಾಲವಾಗಿತ್ತು.

"ನಂಗ್ಯಾಕಮ್ಮಾ..."

"ಹಣೆ ನೋಡಿ ಕೊಡೋದು ಅದಕ್ಕೆ ಗೊತ್ತಿಲ್ಲ ಜಯಮ್ಮ. ತಗೋ."

ಜಯಮ್ಮ ಉಂಗುರ ಬೆರಳು ಅದ್ದಿದಳು. ರಾಜಮ್ಮನವರು ತಾಂಬೂಲವನ್ನೂ ಮುಟ್ಟದೆ ಹೊರಟರು. ಆಂಟಿ ಗೇಟಿನ ತನಕ ಹೋಗಿ, "ಬರೋ ವರ್ಷ ಬನ್ನಿ ಅತ್ತಿಗೆ, ಇದೂ ಇರುತ್ತೆ, ನಾನೂ ಇರ್ತೀನಿ," ಎಂದರು.

ಈಗ ಆಂಟಿ ಇಲ್ಲ. ವಿಜಯನಗರದಲ್ಲಿರುವ ಅವರ ಮಗಳು ಜೆಸಿಬಿಯನ್ನು ನನಗೆ ತಂದುಕೊಟ್ಟಳು. ನಮ್ಮ ಯಜಮಾನರು ಇದ್ದಾರೆ. ನನ್ನ ಕೈಯಿಂದ ಕುಂಕುಮ ತೆಗೆದುಕೊಳ್ಳಲು ಯಾರಿಗೂ ತಕರಾರಿಲ್ಲ. ಆದರೂ ನಮ್ಮ ಮನೆಯಲ್ಲಿ ಕೊಡುವುದು ಅದೇ.

"ನೀವೇ ಕೊಡಬಹುದಲ್ರೀ," ಎಂದರು ಕಳೆದ ದಸರೆಗೆ ಬಂದವರೊಬ್ಬರು.

"ಕೊಡಬಹುದು. ಕೊಡಲ್ಲ," ಎಂದೆ, ನನ್ನ ಕಾನ್ವೆಂಟಿನ ಮೆಲುದನಿಯಲ್ಲೇ.

ಅಷ್ಟರಲ್ಲಿ ತೋಳು ಅರ್ಧಕ್ಕೇ ಕುಸಿಯಿತು. ಅವರು ಕುಂಕುಮಕ್ಕೆ ನನ್ನ ಕಡೆ ಕೈಚಾಚಿದರು. ನಾನು ಕೊಳವೆಯನ್ನು ಕೆನ್ನೆಗೆ ಹಿಡಿದು ಕಣ್ಣು ಮುಚ್ಚಿದೆ. ಸಣ್ಣಗೆ, ತಣ್ಣಗೆ, ಗಾಳಿ ಅಲ್ಲೇ ಹೋಗುತ್ತಿತ್ತು.

"ಕೂತ್ಕೊಳ್ಳಿ," ಎಂದೆ. "ದಾರ ತರ್ತೀನಿ."