ಗುರ್ಕಾರರ ಮೊಣಕಾಲು

ಅವರು ಮಂಡಿಯೂರುವಾಗ ಬಲಗಾಲಿನ ಮೊಣಕಾಲು ಲಟಕ್ಕೆಂದು ಸದ್ದು ಮಾಡುತ್ತಿತ್ತು. ಒಂದು ಕೈ ಸೋಫಾದ ಮೇಲೆ, ಇನ್ನೊಂದು ಸೊಂಟದ ಮೇಲೆ, ಉಸಿರು ಬಿಗಿಹಿಡಿದು ಅವರು ನಿಧಾನಕ್ಕೆ ಇಳಿಯುವುದನ್ನೇ ಮಕ್ಕಳು ಕಾಯುತ್ತಿದ್ದರು. ಸದ್ದು ಬಂದದ್ದೇ ಕಿಸಕ್ಕನೆ ನಗು. "ನಗಿ, ನಗಿ. ನಿಮ್ಮ ಕಾಲಕ್ಕೆ ಇದರ ಸ್ಪೇರ್ ಪಾರ್ಟ್ ಬರ್ತದೆ," ಎಂದು ಗದರಿದಂತೆ ಮಾಡಿ ಶಿಲುಬೆಯ ಗುರುತು ಹಾಕುತ್ತಿದ್ದರು. ಕುವೈತಿನ ಅಬ್ಬಾಸಿಯಾದ ನಮ್ಮ ಫ್ಲ್ಯಾಟುಗಳಲ್ಲಿ ಶುಕ್ರವಾರ ಸಂಜೆಯ ಜಪಸರ ಹೀಗೇ ಶುರುವಾಗುತ್ತಿತ್ತು.

ಸ್ಪೇರ್ ಪಾರ್ಟಿನ ಮಾತು ಅವರ ಬಾಯಲ್ಲಿ ಸುಮ್ಮನೆ ಬಂದದ್ದಲ್ಲ. ಶುವೈಖಿನ ಒಂದು ಅಂಗಡಿಯಲ್ಲಿ ಕಾರಿನ ಬಿಡಿಭಾಗ ಮಾರುತ್ತ ಕೌಂಟರಿನ ಹಿಂದೆಯೇ ಅವರ ತಲೆ ನರೆತಿತ್ತು. ಫಾದರ್ ಉಪದೇಶದಲ್ಲಿ ಪಶ್ಚಾತ್ತಾಪದ ಬಗ್ಗೆ ಎಷ್ಟು ಹೊತ್ತು ಹೇಳಿದರೂ ಹೊರಗೆ ಬಂದ ಮೇಲೆ ಇವರದು ಒಂದೇ ಸಾಲು: "ರಿವರ್ಸ್ ಬೀಳದ ಗಾಡಿಯನ್ನು ಯಾರೂ ತೆಗೊಳ್ಳುವುದಿಲ್ಲ ಮಾರಾಯ್ರೇ." ನನಗೆ ಉಪದೇಶ ಮರೆತಿದೆ, ಆ ಸಾಲು ಉಳಿದಿದೆ.

ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಲ್ಲಿ ವಾರ್ಡಿಗೊಬ್ಬ ಹಿರಿಯನಿರುತ್ತಾನೆ. ಅವನೇ ಗುರ್ಕಾರ. ಚರ್ಚಿನ ಸುದ್ದಿ ಮನೆಗೆ ಮುಟ್ಟಿಸುವುದು, ಜಗಳ ಬಿಡಿಸುವುದು, ಹೆಣ ಬಿದ್ದ ಮನೆಗೆ ಮೊದಲು ಓಡುವುದು ಅವನ ಕೆಲಸ. ಕುವೈತಿನಲ್ಲಿ ಇವರನ್ನು ಯಾರೂ ನೇಮಿಸಿರಲಿಲ್ಲ. ನಮ್ಮ ಬೀದಿಯ ಹತ್ತಾರು ಮನೆಯವರು ಗುರ್ಕಾರ್ ಎಂದು ಕರೆದೆವು, ಅವರು ಓ ಎಂದರು, ಅಷ್ಟೇ. ನಾನು ಹಾಸನದ ಕಡೆಯವಳು, ಮನೆಮಾತು ಕನ್ನಡ. ಮದುವೆಯಾಗಿ ಗಂಡನ ಜೊತೆ ಬಂದ ಹೊಸತರಲ್ಲಿ ಕೊಂಕಣಿ ಜಪಕ್ಕೆ ಬರೀ ತುಟಿ ಆಡಿಸುತ್ತಿದ್ದೆ. ಅದನ್ನು ಮೊದಲು ಕಂಡುಹಿಡಿದವರು ಅವರೇ. "ಬಾಯೆ, ನೀನು ಕನ್ನಡದಲ್ಲೇ ಹೇಳು. ಮರಿಯ ಮಾತೆಗೆ ಕನ್ನಡವೂ ಬರ್ತದೆ," ಎಂದರು. ಬಾಯೆ ಎಂದರೆ ತಂಗಿ, ಮಗಳು, ಎರಡೂ. ಪರದೇಶದಲ್ಲಿ ನನ್ನನ್ನು ಹಾಗೆ ಕರೆದ ಮೊದಲಿಗರು ಅವರು.

ಜಪ ಮುಗಿದ ಮೇಲೆ ಬೆಸಾಂವ್. ಅದು ಆಶೀರ್ವಾದ ಬೇಡುವ ಪದ್ಧತಿ. ಚಿಕ್ಕವರು ಕೈಮುಗಿದು ಹಿರಿಯರ ಮುಂದೆ ಬರುತ್ತಾರೆ, ಹಿರಿಯರು ಕೈಯೆತ್ತಿ ಹರಸುತ್ತಾರೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಗುರ್ಕಾರರು, ಆದ್ದರಿಂದ ಎಲ್ಲರೂ ಅವರ ಮುಂದೆ ಸಾಲು. ಅವರು ಹಣೆ ಮುಟ್ಟಿ, ಹುಡುಗರ ಕಿವಿ ಹಿಂಡಿ, "ಲೆಕ್ಕದಲ್ಲಿ ಪಾಸಾಗು" ಎಂದೂ ಸೇರಿಸಿ ಹರಸುತ್ತಿದ್ದರು. ವಾರವಿಡೀ ಕೆಲಸಕ್ಕಿಟ್ಟ ಕಫೀಲನ ಕಿರಿಕಿರಿ, ಇಕಾಮಾ ಎಂಬ ವಾಸದ ಪರವಾನಗಿಯ ಚಿಂತೆ ಹೊತ್ತು ಬಂದವರಿಗೆ ಆ ದಪ್ಪ ಅಂಗೈ ತಲೆಯ ಮೇಲೆ ಬಿದ್ದರೆ ಜೀವ ತಣ್ಣಗಾಗುತ್ತಿತ್ತು. ನನಗಂತೂ ಆಗುತ್ತಿತ್ತು.

ಇನ್ನು ಆ ವೈನಿನ ಕಥೆ ಹೇಳಬೇಕು. ಅದನ್ನು ಬಿಟ್ಟರೆ ಗುರ್ಕಾರರ ಬಗ್ಗೆ ಏನೂ ಹೇಳಿದಂತಾಗದು.

ಕುವೈತಿನಲ್ಲಿ ಮದ್ಯ ನಿಷಿದ್ಧ. ನಮ್ಮವರಿಗೋ ನಾಮಕರಣವಿರಲಿ ಕ್ರಿಸ್‌ಮಸ್ ಇರಲಿ, ಒಂದು ತೊಟ್ಟು ವೈನ್ ಇಲ್ಲದೆ ಹಬ್ಬ ಏರುವುದಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ಏಸಿ ಮೆಕ್ಯಾನಿಕ್ ಇದ್ದ. ಮಾತು ಕಡಿಮೆ, ಕೈ ಚುರುಕು. ಹೆಂಡತಿ ಆಸ್ಪತ್ರೆಯೊಂದರಲ್ಲಿ ನರ್ಸ್, ಒಬ್ಬಳು ಪುಟ್ಟ ಮಗಳು. ಅವನು ಅಡುಗೆಮನೆಯ ಮೂಲೆಯಲ್ಲಿ ಒಣದ್ರಾಕ್ಷಿ ನೆನೆಹಾಕಿ ಬಲು ಸೊಗಸಾದ ವೈನ್ ಮಾಡುತ್ತಿದ್ದ. ಎಲ್ಲರೂ ಕೇಳಿ ಮಾಡಿಸಿಕೊಂಡರು, ಎಲ್ಲರೂ ಕುಡಿದರು. ಕುಡಿದು, ಅವನ ಬೆನ್ನು ತಟ್ಟಿ, "ನೀನಿಲ್ಲದಿದ್ದರೆ ನಮ್ಮ ಗತಿ ಏನು" ಎಂದವರಲ್ಲಿ ನಾವೂ ಇದ್ದೆವು.

ಗುರ್ಕಾರರ ಮದುವೆಯ ಬೆಳ್ಳಿಹಬ್ಬ ಬಂತು. ಒಂದು ಶುಕ್ರವಾರ ಅವರ ಮನೆಯಲ್ಲಿ ಮಧ್ಯಾಹ್ನದ ಊಟ. ಕೇಕ್ ಇಟ್ಟಿದ್ದರು, ಹಂದಿ ಮಾಂಸವಿಲ್ಲದ ಊರಾದ್ದರಿಂದ ಕುರಿಯದೇ ಪದಾರ್ಥ ಘಮಘಮಿಸುತ್ತಿತ್ತು. ನರ್ಸ್ ಮಗಳ ಜೊತೆ ಮೊದಲೇ ಬಂದಿದ್ದಳು. ಗಂಡ ಎರಡು ಕ್ಯಾನ್ ವೈನ್ ಡಿಕ್ಕಿಯಲ್ಲಿಟ್ಟುಕೊಂಡು ಬರುವವನಿದ್ದ. ಅವನು ಬರಲಿಲ್ಲ, ಫೋನ್ ಬಂತು. ದಾರಿಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿದ್ದರು.

ಯಾರೋ ಮೇಜಿನ ಮೇಲಿನ ಗಾಜಿನ ಲೋಟಗಳನ್ನು ಸದ್ದಿಲ್ಲದೆ ಒಳಗೆ ಸಾಗಿಸಿದರು. ನರ್ಸ್ ಫೋನ್ ಹಿಡಿದುಕೊಂಡೇ ಒಬ್ಬೊಬ್ಬರ ಮುಖ ನೋಡಿದಳು. "ಯಾರಾದ್ರೂ ಠಾಣೆಗೆ ಬರ್ತೀರಾ? ನನಗೆ ಅರಬ್ಬಿ ಬರುವುದಿಲ್ಲ," ಎಂದಳು. ಗುರ್ಕಾರರು ಎದ್ದರು. ಪಕ್ಕದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ನಮ್ಮ ಗುಂಪಿನವರೊಬ್ಬರಿದ್ದರು, ನಾವೆಲ್ಲ ಬ್ಯಾಂಕಿನವರು ಎನ್ನುತ್ತಿದ್ದೆವು. ಅವರು ಗುರ್ಕಾರರ ಅಂಗಿ ಹಿಡಿದು, "ಗುರ್ಕಾರ್ರೇ, ಯಾರ ಮನೆಗೆ ಅಂತ ಕೇಳಿದ್ರೆ ಎಂತ ಹೇಳ್ತೀರಿ? ಎಲ್ಲರ ಇಕಾಮಾ ಹೋದೀತು," ಎಂದರು. ಗುರ್ಕಾರರು ಒಂದು ಕ್ಷಣ ನಿಂತೇ ಇದ್ದರು. ಆಮೇಲೆ ಕೂತರು. ನರ್ಸ್ ಮಗಳನ್ನು ಎಳೆದುಕೊಂಡು ಟ್ಯಾಕ್ಸಿ ಹತ್ತಿದಳು.

ಮೆಕ್ಯಾನಿಕ್ ಜೈಲಿನಲ್ಲಿದ್ದು, ಗಡೀಪಾರಾಗಿ ಅಲ್ಲಿಂದಲೇ ಊರಿನ ವಿಮಾನ ಹತ್ತಿದ. ವೈನ್ ಯಾರಿಗೆ ಎಂದು ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲವಂತೆ. ನಾವು ಬಚಾವಾದೆವು. ಬಚಾವಾದವರು ಆ ಮನೆಯ ಕಡೆ ತಲೆ ಹಾಕಲಿಲ್ಲ. ನರ್ಸಿಗೆ ಅವಳದೇ ವೀಸಾ ಇತ್ತು, ಮಗಳ ಜೊತೆ ಉಳಿದಳು. ಆ ಕ್ರಿಸ್‌ಮಸ್ಸಿಗೆ ಕುಸ್ವಾರಿನ ತಟ್ಟೆಗಳು ಬೀದಿ ತುಂಬ ಓಡಾಡಿದವು, ನೆವ್ರಿ, ಕಲ್ಕಲ್, ಚಕ್ಕುಲಿ ಎಲ್ಲ. ಅವಳ ಬಾಗಿಲಿಗೆ ಒಂದು ತಟ್ಟೆಯೂ ಹೋಗಲಿಲ್ಲ. ಎಲ್ಲರೂ ಕೆಂಪು ಶರಬತ್ತು ಕುಡಿದು ಸಂಭಾವಿತರಾದೆವು. "ನಮ್ಮವರ ಹೆಸರು ಹಾಳು ಮಾಡಿದ," ಎಂಬ ಮಾತೂ ಕೇಳಿತು. ಮಗು ಪ್ರಥಮ ಪರಮಪ್ರಸಾದಕ್ಕೆ ಬೇಕಾದ ಧರ್ಮೋಪದೇಶದ ತರಗತಿಗೆ ಬರುವುದನ್ನೂ ನಿಲ್ಲಿಸಿತು. ಅಲ್ಲಿಯ ಮಕ್ಕಳು ಅವಳ ಪಕ್ಕ ಕೂರುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಮಕ್ಕಳು ಅದನ್ನು ಕಲಿತದ್ದು ನಮ್ಮಿಂದಲೇ.

ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಬಂತು. ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ವಾರದ ಶುಕ್ರವಾರ ಜಪಸರ ಬ್ಯಾಂಕಿನವರ ಮನೆಯಲ್ಲಿ. ಕೆಳಗಿನವರಿಗೆ ಹಾಡು ಕೇಳದಿರಲೆಂದು ಎಂದಿನಂತೆ ಕಿಟಕಿ ಮುಚ್ಚಿದ್ದೆವು. ಜಪ ಮುಗಿಯಿತು, ಬೆಸಾಂವ್‌ಗೆ ಸಾಲು ನಿಂತಿತು. ಮುಂದೆ ನನ್ನ ಮಗ, ಕೈಮುಗಿದುಕೊಂಡು. ಗುರ್ಕಾರರ ಕೈ ಮಡಿಲಲ್ಲೇ ಇತ್ತು.

"ನನ್ನ ಕೈ ಏಳುವುದಿಲ್ಲ," ಎಂದರು. ಅವರು ಹೇಳಿದ್ದು ಕೊಂಕಣಿಯಲ್ಲಿ. ಅವರು ನನ್ನೊಡನೆ ಆಡುತ್ತಿದ್ದ ಮಂಗಳೂರು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕೀಲುನೋವೇನೋ ಎಂದುಕೊಂಡೆವು. ಅವರ ಹೆಂಡತಿ ಹತ್ತಿರ ಹೋದರು.

"ನೋವಲ್ಲ. ಆ ದಿನ ನಾನು ಎದ್ದವ ಕೂತೆ. ಅದು ನನ್ನ ಜುಬಿಲಿ, ಅವನು ನನ್ನ ವೈನ್ ತರ್ಲಿಕ್ಕೆ ಹೋಗಿ ಸಿಕ್ಕಿಬಿದ್ದದ್ದು. ಕೂತ ಮೇಲೆ ನಾನು ಊಟವೂ ಮಾಡಿದೆ. ಈ ಕೈಯಲ್ಲಿ ಯಾರಿಗೆ ಬೆಸಾಂವ್ ಕೊಡುವುದು?"

ಬ್ಯಾಂಕಿನವರೇ ಸಮಾಧಾನದ ದನಿಯಲ್ಲಿ ಹೇಳಿದರು, "ಅದನ್ನು ನಾನು ಫಾದರ್ ಹತ್ರ ಪಾಪನಿವೇದನೆಯಲ್ಲಿ ಹೇಳಿ ಆಗಿದೆ ಗುರ್ಕಾರ್ರೇ. ನೀವೂ ಹೇಳಿಬಿಡಿ. ಖಲಾಸ್."

"ನಾನೂ ಹೇಳಿದ್ದೇನೆ. ಕ್ಷಮೆಯೂ ಸಿಕ್ಕಿದೆ," ಎಂದರು ಗುರ್ಕಾರರು. "ಆದ್ರೆ ನಾವು ಕುಡಿದದ್ದು ಒಬ್ಬೊಬ್ಬರೇ ಅಲ್ಲವಲ್ಲ. ಒಟ್ಟಿಗೆ ಕುಡಿದೆವು, ಒಟ್ಟಿಗೆ ಸುಮ್ಮನೆ ಕೂತೆವು. ದೇವರ ಹತ್ರ ಮಾತ್ರ ಒಬ್ಬೊಬ್ಬರೇ ಹೋಗುವುದಾ? ಏಳಿ. ಅವಳ ಮನೆಗೆ ಒಟ್ಟಿಗೇ ಹೋಗುವ."

ನನಗೆ ಮೊದಲು ಬಂದದ್ದು ಸಿಟ್ಟು. ಈ ಮುದುಕರಿಗೆ ಎಂತಕ್ಕೆ ಈ ನಾಟಕ ಎಂದುಕೊಂಡೆ. ಆಮೇಲೆ ಕುಸ್ವಾರಿನ ತಟ್ಟೆ ನೆನಪಾಗಿ ಚಪ್ಪಲಿ ಮೆಟ್ಟಿಕೊಂಡೆ. ಒಬ್ಬರ ಹಿಂದೆ ಒಬ್ಬರು ಇಳಿದೆವು. ಕೆಳಗೆ ಕಾವಲಿಗಿದ್ದ ಈಜಿಪ್ಟಿನ ಹಾರಿಸ್ ಇಷ್ಟು ಜನ ಒಮ್ಮೆಲೇ ಎಲ್ಲಿಗೆ ಎಂದು ಕಣ್ಣರಳಿಸಿದ. ಗುರ್ಕಾರರು ಅವನಿಗೆ ಸಲಾಂ ಹೇಳಿ ಮುಂದೆ ನಡೆದರು. ಕೊನೆಗೆ ಬಂದವರು ಬ್ಯಾಂಕಿನವರು, ಮನೆಗೆ ಬೀಗ ಹಾಕಿಕೊಂಡು.

ನರ್ಸ್ ಬಾಗಿಲನ್ನು ಅರ್ಧ ತೆರೆದಳು. ನಮ್ಮನ್ನೆಲ್ಲ ಒಮ್ಮೆ ನೋಡಿದಳು. "ಇಲ್ಲಿಗೆ ಬಂದದ್ದು ಯಾರಾದ್ರೂ ನೋಡಿದ್ರೆ ನಿಮ್ಮ ಇಕಾಮಾಕ್ಕೆ ತೊಂದ್ರೆ ಆಗ್ಲಿಕ್ಕಿಲ್ವಾ?" ಎಂದಳು.

"ನೀನು ಬೈದು ಮುಗಿಸು ಬಾಯೆ. ನಾವು ಇಲ್ಲೇ ಮೆಟ್ಟಿಲ ಮೇಲೆ ಇರ್ತೇವೆ," ಎಂದರು ಗುರ್ಕಾರರು. ಅವಳು ಬೈಯಲಿಲ್ಲ. ಬಾಗಿಲು ಬಿಟ್ಟು ಒಳಗೆ ಹೋದಳು. ನಾವು ಹಿಂದೆಯೇ ಹೋದೆವು.

ಚಿಕ್ಕ ಹಾಲ್. ಜಪದ ಹೊತ್ತಿಗೆ ಎಲ್ಲರೂ ಗೋಡೆಯ ಪೀಠದ ಕಡೆ, ಯೇಸುವಿನ ಪಟದ ಕಡೆ ಮುಖ ಮಾಡುವುದು ರೂಢಿ. ನಾವು ಹಾಗೇ ತಿರುಗಿದೆವು. ಗುರ್ಕಾರರು ಮಾತ್ರ ಪಟಕ್ಕೆ ಬೆನ್ನು ಹಾಕಿ, ಕುರ್ಚಿಯಲ್ಲಿ ಗೊಂಬೆ ಹಿಡಿದು ಕುಳಿತಿದ್ದ ಮಗುವಿನ ಮುಂದೆ ನಿಂತರು. ಹಿಡಿದುಕೊಳ್ಳಲು ಅಲ್ಲಿ ಸೋಫಾ ಇರಲಿಲ್ಲ. ನನ್ನ ಗಂಡ ತೋಳು ಕೊಡಲು ಹೋದರೆ ಬೇಡವೆಂದರು. ಹಾಗೇ ಇಳಿದರು. ಲಟಕ್. ಆ ಸಲ ಯಾವ ಮಗುವೂ ನಗಲಿಲ್ಲ.

"ಬೆಸಾಂವ್ ಕೊಡು, ಬಾಯೆ," ಎಂದು ಕೈಮುಗಿದರು.

ಮಗು ಅಮ್ಮನ ಮುಖ ನೋಡಿತು. ಅಮ್ಮ ಗೋಡೆ ನೋಡುತ್ತಿದ್ದಳು. ಮಗುವೇ ಗೊಂಬೆಯನ್ನು ಎಡಗೈಗೆ ದಾಟಿಸಿ, ಬಲಗೈಯನ್ನು ಆ ನರೆತ ತಲೆಯ ಮೇಲಿಟ್ಟು, ತನಗೆ ಬರುವ ಭಾಷೆಯಲ್ಲಿ, "ಗಾಡ್ ಬ್ಲೆಸ್ ಯು, ಅಂಕಲ್," ಎಂದಿತು. ಸ್ವಲ್ಪ ತಡೆದು, "ಈಸ್ ಯುವರ್ ನೀ ಪೇನಿಂಗ್?" ಎಂದು ಕೇಳಿತು.

ಗುರ್ಕಾರರು ಅತ್ತರು. ಅವರ ಹಿಂದೆ ಬ್ಯಾಂಕಿನವರು ಮಂಡಿಯೂರಿದರು. ಆಮೇಲೆ ನಾವೆಲ್ಲರೂ.

ಅಷ್ಟಕ್ಕೇ ಎಲ್ಲ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ನರ್ಸ್ ಅಂದು ನಮಗೆ ನೀರೂ ಕೊಡಲಿಲ್ಲ. ಆ ತಪಸ್ಸುಕಾಲದ ಶುಕ್ರವಾರಗಳೆಲ್ಲ ಅವಳ ಮನೆಯಲ್ಲೇ ಜಪ ಎಂದು ಗುರ್ಕಾರರು ತೀರ್ಮಾನಿಸಿದರು, ಅವಳು ಬೇಡವೆನ್ನಲಿಲ್ಲ. ಶುಭ ಶುಕ್ರವಾರಕ್ಕೆ ಹಿಂದಿನ ವಾರ ಜಪ ಮುಗಿದಾಗ ಅಡುಗೆಮನೆಯಿಂದ ಚಹಾದ ವಾಸನೆ ಬಂತು. ತಟ್ಟೆ ಹಿಡಿದು ಬಂದವಳು ಮೊದಲ ಲೋಟವನ್ನು ಬ್ಯಾಂಕಿನವರಿಗೆ ಕೊಟ್ಟಳು. ಅವರು ಎದ್ದು ನಿಂತು ತೆಗೆದುಕೊಂಡರು. ಮಗುವನ್ನು ತರಗತಿಗೆ ಕರೆದುಕೊಂಡು ಹೋಗಿ ಬಿಡುವ ಕೆಲಸ ಆ ಬಳಿಕ ಅವರದಾಯಿತು.

ಅವತ್ತೇ ಗುರ್ಕಾರರು ಊರಿಗೆ, ಮೆಕ್ಯಾನಿಕ್ಕನಿಗೆ, ಫೋನ್ ಹಚ್ಚಿದರು. ಅವರು ಕ್ಷಮೆ ಬೇಡುವ ಮೊದಲೇ ಆ ಕಡೆಯಿಂದ ಮೆಕ್ಯಾನಿಕ್ಕನೇ ಕೇಳಿದ, "ಜುಬಿಲಿ ಹೇಗಾಯ್ತು, ಗುರ್ಕಾರ್ರೇ?"

"ಆಗ್ಲಿಲ್ಲ ಮಾರಾಯ. ಬಾಕಿ ಉಂಟು. ಊರಿಗೆ ಬಂದು ನಿನ್ನ ಜೊತೆ ಮಾಡ್ತೇನೆ."

ಮಾಡಿದರು. ಮುಂದಿನ ರಜೆಯಲ್ಲಿ ಹೆಂಡತಿಯನ್ನು ಕರೆದುಕೊಂಡು ನೇರ ಅವನ ಮನೆಗೆ ಹೋಗಿ, ಅವನದೇ ದ್ರಾಕ್ಷಿ ವೈನ್ ಕುಡಿದು, ಕೇಕ್ ಕತ್ತರಿಸಿ ಬಂದರು. ಈಸ್ಟರ್ ಮುಗಿದ ಮೇಲೆ ಆ ಮಗು ಬಿಳಿ ಫ್ರಾಕ್ ತೊಟ್ಟು ಪರಮಪ್ರಸಾದ ಸ್ವೀಕರಿಸಿತ್ತು. ಆ ಫೋಟೋವನ್ನು ಅವಳ ಅಪ್ಪನಿಗೆ ಕೈಯಾರೆ ಮುಟ್ಟಿಸಿದವರೂ ಅವರೇ.

ವಯಸ್ಸಾಗಿ ಕೆಲಸ ಮುಗಿದು ಅವರು ಊರಿಗೆ ಹೋದರು. ಕೆಲವು ವರ್ಷಗಳ ಮೇಲೆ ತೀರಿಕೊಂಡ ಸುದ್ದಿ ಬಂತು. ರಜೆ ಸಿಗದೆ ನನಗೆ ಹೋಗಲಾಗಲಿಲ್ಲ. ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ಶವಪೆಟ್ಟಿಗೆಗೆ ಮುಂದೆ ಹೆಗಲು ಕೊಟ್ಟವನು ಮೆಕ್ಯಾನಿಕ್. ಅಂದು ನರ್ಸ್ ಮನೆಯಲ್ಲಿ ಜಪಸರ ಹೇಳಿದೆವು. ಹತ್ತು ಮಣಿಗಳ ಒಂದು ದಶಕವನ್ನು ಕನ್ನಡದಲ್ಲಿ ನನ್ನಿಂದಲೇ ಹೇಳಿಸಿದರು.

ಈಗ ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಉಂಟು, ಬೇರೆಲ್ಲೂ ನೋಡಿಲ್ಲ. ತಪಸ್ಸುಕಾಲದ ಮೊದಲ ಶುಕ್ರವಾರ ಸಾಲು ತಿರುಗುತ್ತದೆ. ಅಂದು ಹಿರಿಯರು ಬೆಸಾಂವ್ ಕೊಡುವುದಿಲ್ಲ, ಬೇಡುತ್ತಾರೆ. ಹೋದ ವರ್ಷ ಮುಂದೆ ಕುಳಿತಿದ್ದದ್ದು ಹೊಸದಾಗಿ ಬಂದ ಮನೆಯವರ ಪುಟ್ಟ ಹುಡುಗ. ಹಿರಿಯಳೆಂದು ನನ್ನನ್ನೇ ಮೊದಲು ಕಳಿಸಿದರು. ಸೋಫಾ ಹಿಡಿದು ಇಳಿದೆ. ಮೊಣಕಾಲು ಲಟಕ್ಕೆಂದಿತು. ಹುಡುಗ ಕಿಸಕ್ಕನೆ ನಕ್ಕ, ಅವನಮ್ಮ ಗದರಲು ಬಾಯಿ ತೆರೆದಳು. "ನಗಲಿ ಬಿಡಿ," ಎಂದು ನಾನು ತಲೆ ಬಾಗಿಸಿದೆ.