ಟ್ಯಾಂಕರ್ ಆಟ ಬರೆದ ಟೀಚರು

ಚಿದ್ರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಗಣಿತದ ಟೀಚರೊಬ್ಬರಿದ್ದರು. ದಿನಾ ಭಾಲ್ಕಿಗೆ ಹೋಗಿಬರುವ ಬಸ್ಸಿನಲ್ಲಿ ಅಂಗೈಯಗಲದ ಒಂದು ಯಂತ್ರ ಹಿಡಿದು ಕೂರುತ್ತಿದ್ದರು. ಅದರಲ್ಲಿ ಹಳೇ ಕಾಲದ ಚೌಕಚೌಕದ ವಿಡಿಯೋ ಗೇಮ್ ಆಡಬಹುದಿತ್ತು, ಬೇಕಾದರೆ ನಾವೇ ಹೊಸದು ಬರೆಯಲೂಬಹುದಿತ್ತು. ಯಾರಾದರೂ ಸೋತು ಗೊಣಗಿದರೆ ಟೀಚರು ಕನ್ನಡಕ ಹಣೆಗೇರಿಸಿ, "ಇದಕ್ಕ ಯಾರ ಮುಲಾಜೂ ಇಲ್ರಿ," ಎನ್ನುತ್ತಿದ್ದರು.

ಅದು ಬರಗಾಲ. ಓಣಿಯ ಅರ್ಧ ಗಂಡಸರು ಹೈದರಾಬಾದಿಗೆ ಕೂಲಿಗೆ ಹೋಗಿದ್ದರು. ನೀರಿನ ಟ್ಯಾಂಕರ್ ನಮ್ಮ ವಾರ್ಡಿನ ಮೆಂಬರ್ ಸಾಹೇಬರ ಮನೆ ಮುಂದೆಯೇ ಖಾಲಿಯಾಗಿ, ನಮ್ಮಲ್ಲಿಗೆ ಬರೀ ಹಾರ್ನ್ ತರುತ್ತಿತ್ತು. ಟೀಚರು ಅದನ್ನೇ ಆಟ ಮಾಡಿದರು. ಕೊಡ ಹಿಡಿದ ಹೆಂಗಸನ್ನು ಟ್ಯಾಂಕರಿನತ್ತ ಎಷ್ಟು ಓಡಿಸಿದರೂ ಒಬ್ಬ ಡೊಳ್ಳುಹೊಟ್ಟೆಯವನು ಅಡ್ಡ ಬಂದು ನಿಲ್ಲುತ್ತಿದ್ದ. ಇಡೀ ಓಣಿ ಸರದಿಯಲ್ಲಿ ನಿಂತು ಆಡಿತು, ಸೋತಿತು, ನಕ್ಕಿತು.

ಸುದ್ದಿ ತಿಳಿದು ಮೆಂಬರ್ ಸಾಹೇಬರೇ ಬಂದರು. ಟೀಚರ ನೌಕರಿಗೆ ಸಂಚಕಾರ ಬಂತೆಂದು ನಾನು ಹೆದರಿದೆ. ಸಾಹೇಬರು ಮೂರು ಸಲ ಆಡಿ, ಮೂರೂ ಸಲ ತಮ್ಮ ಹೊಟ್ಟೆಗೇ ಡಿಕ್ಕಿ ಹೊಡೆದು ಸೋತರು.

"ಅಕ್ಕೋರ, ನನ್ನ ಹೊಟ್ಟಿ ಇಷ್ಟು ದೊಡ್ಡದದ ಏನ್ರಿ?"

"ನಾಳಿ ಟ್ಯಾಂಕರ್ ಈ ಕಡಿ ಬರ್ಲಿ ಸಾಹೇಬ್ರ, ಕಮ್ಮಿ ಮಾಡ್ತೇನಿ."

ಮರುದಿನ ತುಂಬಿದ ಟ್ಯಾಂಕರ್ ಬಂತು. ಟೀಚರು ಮಾತಿನಂತೆ ಹೊಟ್ಟೆ ಇಳಿಸಿದರು. ಅದರ ಮಾರನೆಯ ದಿನ ಪಕ್ಕದ ವಾರ್ಡಿನ ನಾಲ್ಕು ಹೆಂಗಸರು ಅವರ ಬಾಗಿಲಿಗೆ ಬಂದರು.

"ಅಕ್ಕೋರ," ಎಂದಳು ಒಬ್ಬಳು ಸಂಕೋಚದಿಂದ, "ನಮ್ಮ ಮೆಂಬರ್ ಭಾಳ ಸಣಕಲ ಇದ್ದಾನ್ರಿ. ಆದ್ರೂ ಮಾಡಿಕೊಡ್ತೀರೇನ್ರಿ?"