ನಾನು ಭೇಟಿಯಾಗದ ಹನ್ನೊಂದು ಹೆಂಗಸರು

ಪಿಎಚ್.ಡಿ.ಗೆ ನೋಂದಣಿಯಾದಾಗ ನನಗೆ ಮೂವತ್ತಾರು ವರ್ಷ. ಹರಪನಹಳ್ಳಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ನಮ್ಮ ಸೀಮೆಯಲ್ಲಿ ಹಳೆಯ ಬಟ್ಟೆಗಳನ್ನು ಕೂಡಿಸಿ ಕೌದಿ ಹೊಲಿಯುವ ಹೆಂಗಸರ ಬದುಕಿನ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದಾಗ ಸಂದರ್ಶನದಲ್ಲಿ ಎದುರಿಗೆ ಕೂತವರೆಲ್ಲ ತಲೆದೂಗಿದ್ದರು. ಹಗರಿಬೊಮ್ಮನಹಳ್ಳಿಯ ಮನೆಗೆ ಬಂದವಳೇ ಫೋನ್ ಹಿಡಿದು ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿದೆ.

ಸಂಶೋಧನೆಯ ರೂಪುರೇಷೆಯಾದ ಸಾರಲೇಖ ಒಪ್ಪಿಸುವ ಮೊದಲು ಐದು ತಾಲೂಕುಗಳ ಹನ್ನೆರಡು ಹೆಂಗಸರನ್ನಾದರೂ ಮಾತನಾಡಿಸಿ ಬನ್ನಿ ಎಂದು ನನ್ನ ಮಾರ್ಗದರ್ಶಕಿ ಹೇಳಿದ್ದರು. ಅವರು ಮೈಸೂರು ಕಡೆಯವರು, ಮೆಲುಮಾತಿನವರು. ಒಂದು ಭಾನುವಾರ ಬ್ಯಾಗಿನಲ್ಲಿ ಪ್ರಶ್ನಾವಳಿ ಇಟ್ಟುಕೊಂಡು ಹಲವಾಗಲಿಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಹೆಂಗಸೊಬ್ಬಳು ನನ್ನ ಕೈಯಲ್ಲಿದ್ದ ಹಾಳೆ ನೋಡಿ, "ಯಾವ ಸರ್ವೇರಿ ಇದು? ರೇಷನ್ ಕಾರ್ಡಿಂದೇನು?" ಎಂದಳು. ಅಲ್ಲ, ಕೌದಿ ಬಗ್ಗೆ ಎಂದೆ. ಸುತ್ತ ಇದ್ದವರೆಲ್ಲ ನಕ್ಕರು. "ಕೌದಿ ಬಗ್ಗೆ ಬರಿಯಾಕ ಏನೈತ್ರಿ?" ಎಂದಳೊಬ್ಬಳು. ಕಾಲೇಜಿನಲ್ಲಿ ಗಂಟೆಗಟ್ಟಲೆ ಪಾಠ ಮಾಡುವ ನಾನು ಹಾಳೆ ಮಡಚಿ ಬ್ಯಾಗಿಗೆ ತುರುಕಿದೆ. ಮುಂದಿನ ಬಸ್ಸಿಗೇ ಹತ್ತಿ ವಾಪಸು ಬಂದೆ. ಆಮೇಲೆ ಯಾವ ಊರಿಗೂ ಹೋಗಲಿಲ್ಲ.

ಹೋದದ್ದು ಪಕ್ಕದ ಮನೆಗೆ. ಪಂಪ್‌ಸೆಟ್ ರಿಪೇರಿ ಮಾಡುವ ಮೆಕ್ಯಾನಿಕ್ಕಿನ ತಾಯಿ ಅಲ್ಲಿದ್ದರು. ಓಣಿಯ ಮಕ್ಕಳ ಹಾಗೆ ನಾನೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ನಾನು ಹುಟ್ಟಿದಾಗ ಹೊದಿಸಿದ ಕೌದಿಯೂ ಅವರ ಕೈಯದೇ. ಮೂರು ಮಧ್ಯಾಹ್ನ ಅವರು ಸೂಜಿ ಆಡಿಸುತ್ತಲೇ ಮಾತಾಡಿದರು. ಸತ್ತ ಗಂಡನ ಅಂಗಿಯನ್ನು ಕತ್ತರಿಸಲಾಗದೆ ವರ್ಷ ಕಾದದ್ದು, ಕೊನೆಗೆ ಅದರ ಜೇಬನ್ನು ಹಾಗೇ ಇಟ್ಟು ಹೊಲಿದದ್ದು, ಎಲ್ಲ ಹೇಳಿದರು. ನಾನು ಮನೆಗೆ ಬಂದು ಆ ಮಾತುಗಳನ್ನು ಹನ್ನೆರಡು ಪಾಲು ಮಾಡಿ, ಒಂದನ್ನು ಅವರಿಗೇ ಬಿಟ್ಟು ಉಳಿದವನ್ನು ಹನ್ನೊಂದು ಹೆಂಗಸರಿಗೆ ಹಂಚಿದೆ. ಗಂಡನ ಅಂಗಿಯನ್ನು ಬಾಗಳಿಯ ವಿಧವೆಯೊಬ್ಬಳಿಗೆ ಕೊಟ್ಟೆ. ಕಣ್ಣು ಮಂಜಾದ ಸಂಕಟವನ್ನು ಕೊಟ್ಟೂರಿನ ಮುದುಕಿಗೆ ಕೊಟ್ಟೆ. ಕೂಡ್ಲಿಗಿಗೆ, ಹಡಗಲಿಗೆ ಒಬ್ಬೊಬ್ಬರನ್ನು ಹುಟ್ಟಿಸಿ ವಯಸ್ಸು ಬರೆದೆ. ಬರೆದು ಮುಗಿಸಿ ನಿಶ್ಚಿಂತೆಯಿಂದ ಮಲಗಿದೆ. ಅದೇ ಈಗ ಹೆಚ್ಚು ಚುಚ್ಚುತ್ತದೆ.

ಸಾರಲೇಖ ಓದಿ ಮಾರ್ಗದರ್ಶಕಿ ಮೇಡಂ ಖುಷಿಪಟ್ಟರು. ಕೋಗಳಿಯ ಬಸದಿ ನೋಡಲು ಬಂದವರು ದಾರಿಯಲ್ಲಿ ನಮ್ಮ ಮನೆಗೂ ಬಂದರು. "ಇವರಲ್ಲಿ ಒಬ್ಬರನ್ನಾದರೂ ನೋಡಬೇಕಲ್ಲ" ಎಂದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಖಾಲಾ ಮನೆಗೆ ಕರೆದುಕೊಂಡು ಹೋದೆ.

ಚಹಾ ಕುಡಿಯುತ್ತ ಮೇಡಂ ಕೇಳಿದರು: "ಬಾಗಳಿಯ ಒಬ್ಬರು ಗಂಡನ ಅಂಗಿ ಹೊಲಿದ ಕಥೆ ಓದಿ ಕಣ್ಣು ತುಂಬಿ ಬಂತು. ಅವರು ನಿಮಗೆ ಗೊತ್ತಾ?"

ಖಾಲಾ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಖಾಲಾ ಕೂತಿದ್ದ ಕೌದಿಯಲ್ಲೇ ಆ ಅಂಗಿಯ ಜೇಬಿತ್ತು.

"ಗೊತ್ತದಾಳ್ರಿ" ಎಂದರು ಖಾಲಾ. "ಪಾಪ, ಭಾಳ ಒಳ್ಳ್ಯಾಕಿ. ಈ ಹುಡುಗಿ ಎಲ್ಲಾ ಊರು ತಿರುಗ್ಯಾಳ ನೋಡ್ರಿ. ಬಿಸಲಾಗ ಎಷ್ಟು ಕರ್ರಗ ಆಗ್ಯಾಳ."

ಮೇಡಂ ನನ್ನ ಬೆನ್ನು ತಟ್ಟಿದರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಹದಿನೈದು ದಿನ ತಡೆದೆ. ಆಮೇಲೆ ವಿಶ್ವವಿದ್ಯಾಲಯದ ವಿಭಾಗಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಮೇಡಂ ಬೈಯಲಿಲ್ಲ. ಸಾರಲೇಖವನ್ನು ನನ್ನ ಮುಂದೆ ಸರಿಸಿ, "ಇದನ್ನ ನೀವು ತಗೊಂಡು ಹೋಗಿ. ಹನ್ನೆರಡು ಜನರನ್ನೂ ನೋಡಿದ ಮೇಲೆ ಬನ್ನಿ" ಎಂದರು. "ನೀವು" ಎಂದೇ ಕರೆಯುತ್ತಿದ್ದವರು ಅವರು. ಆದರೆ ಅಂದಿನ "ನೀವು" ತಣ್ಣಗಿತ್ತು.

ಭಾರ ಇಳಿಯಿತೆಂದುಕೊಂಡು ಖಾಲಾಗೆ ಹೇಳಲು ಹೋದೆ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಎಲ್ಲಾ ಹೇಳಿಬಿಟ್ಟಿಯೇನು? ನಾನು ಹೇಳಿದ್ದೂ?"

"ಹೂಂ ಖಾಲಾ."

"ನಿನ್ನ ಮರ್ಯಾದಿ ಉಳೀಲಿ ಅಂತ ಈ ವಯಸ್ಸಿನ್ಯಾಗ ನಾನು ಸುಳ್ಳು ಹೇಳಿದೆ. ಈಗ ಆ ಯಮ್ಮನ ಮುಂದ ನಾನೇನಾದೆ? ಹೇಳೂಕಿಂತ ಮೊದ್ಲು ನನಗೊಂದು ಮಾತು ಕೇಳಬೇಕಿತ್ತಿಲ್ಲ?"

ಅವರಿಗೆ ಹೇಳದೆ ಅವರ ಬದುಕನ್ನು ಹಂಚಿದ್ದೆ. ಅವರನ್ನು ಕೇಳದೆಯೇ ಅವರ ಸುಳ್ಳನ್ನೂ ಒಪ್ಪಿಸಿ ಬಂದಿದ್ದೆ. "ತಪ್ಪಾತು ಖಾಲಾ" ಎಂದು ಅವರ ಕೈ ಹಿಡಿದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ, ಇನ್ನೊಂದು ಕೈಯಿಂದ ಕೌದಿ ಮಡಚತೊಡಗಿದರು.

ಆ ವರ್ಷವೆಲ್ಲ ಐದೂ ತಾಲೂಕು ತಿರುಗಿದೆ. ಹಲವಾಗಲಿನ ಹೆಂಗಸರು ಈ ಸಲವೂ ನಕ್ಕರು, ಆದರೆ ಒಳಗೆ ಕರೆದು ಕೂರಿಸಿದರು. ಹೊಸ ಸಾರಲೇಖಕ್ಕೆ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಖಾಲಾ ಇಲ್ಲ, ಅವರು ಬೇಡವೆಂದರು. ಈಗಲೂ ಅವರ ಮನೆಗೆ ಹೋಗುತ್ತೇನೆ, ಚಹಾ ಕೊಡುತ್ತಾರೆ, ಮಕ್ಕಳ ಸುದ್ದಿ ಹೇಳುತ್ತಾರೆ. ಹಳೆಯದೇನಾದರೂ ನೆನಪಾಗಿ ಮಾತು ಶುರುಮಾಡಿದರೆ ಮಾತ್ರ ನಡುವೆ ನಿಲ್ಲಿಸಿ, "ಇದನ್ನ ಬರಕಂತಿಯೇನವ್ವಾ?" ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಅವರು ನನ್ನ ಮುಖ ನೋಡಿ, ಬೇರೆ ಮಾತಿಗೆ ತಿರುಗುತ್ತಾರೆ.